ಇದ್ದಲಿ ಬಸ್ಸಿನ ರುಕ್ಮವ್ವ

ಹುಬ್ಬಳ್ಳಿಯ ಕಂಬಾರ ಓಣಿಯಲ್ಲಿ ರುಕ್ಮವ್ವ ಎಂಬ ಹೆಣ್ಣುಮಗಳಿದ್ದಳು. ಮಾತು ಒರಟು, ತೋಳು ಗಟ್ಟಿ, ಎಡಗಣ್ಣಿನ ಕೆಳಗೆ ಕಿಡಿ ಹಾರಿ ಸುಟ್ಟ ಕಲೆ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಇದ್ದಲಿ ಬಸ್ಸು ಹೋದ ಕಥೆಯನ್ನು ಊರಿನ ಹಿರಿಯರು ಹೇಳುವಾಗ ಬಸ್ಸಿನ ಮಾಲೀಕರನ್ನು ನೆನೆಯುತ್ತಾರೆ, ಡ್ರೈವರನನ್ನು ನೆನೆಯುತ್ತಾರೆ, ಬಸ್ಸಿನ ಬಣ್ಣ ಹಸಿರೋ ನೀಲಿಯೋ ಎಂದು ಜಗಳವನ್ನೂ ಆಡುತ್ತಾರೆ. ರುಕ್ಮವ್ವನ ಹೆಸರು ಬಂದರೆ ಮಾತ್ರ “ಆಕಿ ಬೆಂಕಿ ಹಚ್ಚಾಕಿ” ಎಂದಷ್ಟೇ ಹೇಳಿ ಮುಂದೆ ಹೋಗುತ್ತಾರೆ. ಬೆಂಕಿ ಹಚ್ಚುವುದೆಂದರೆ ಬೀಡಿ ಹಚ್ಚಿದಷ್ಟು ಸುಲಭ ಎಂದು ತಿಳಿದವರಿಗೆ ಏನು ಹೇಳುವುದು? ಕಥೆಯನ್ನೇ ಹೇಳಬೇಕು.

ನಲವತ್ಮೂರನೆಯ ಇಸವಿ. ಯುದ್ಧ ಸಮುದ್ರದಾಚೆ ನಡೆದಿತ್ತು, ನಿಂತುಹೋದದ್ದು ಹುಬ್ಬಳ್ಳಿ. ಪೆಟ್ರೋಲು ಮೊದಲು ಚೀಟಿಗೆ ಬಂತು, ಆಮೇಲೆ ಚೀಟಿ ಹಿಡಿದು ಹೋದರೂ ಸಿಗದಾಯಿತು. ಮೋಟಾರುಗಳು ನಿಂತಲ್ಲೇ ನಿಂತು ಅವುಗಳ ಸೀಟಿನ ಮೇಲೆ ಕೋಳಿಗಳು ತತ್ತಿ ಇಟ್ಟವು. ಟಾಂಗಾ ಇದೆಯಲ್ಲ ಎಂದು ಜನ ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ಕುದುರೆಗಳಿಗೂ ಕೇಡುಗಾಲ ಬಂತು. ಕೈಕಾಲು ಗಟ್ಟಿ ಇದ್ದವನ್ನು ಪಲ್ಟನ್ನಿನವರು ಕೊಂಡೊಯ್ದರು. ಉಳಿದವು ಹುರುಳಿ ಸಿಗದೆ ಬಡಕಲಾಗಿ, ಆ ಮಳೆಗಾಲದ ಜಡ್ಡಿಗೆ ಒಂದರ ಹಿಂದೆ ಒಂದು ಬಿದ್ದುಹೋದವು. ದೀಪಾವಳಿಯ ಹೊತ್ತಿಗೆ ದುರ್ಗದಬೈಲಿನ ಟಾಂಗಾ ಅಡ್ಡಾದಲ್ಲಿ ಮೂಕಿ ಮೇಲೆತ್ತಿದ ಖಾಲಿ ಗಾಡಿಗಳಷ್ಟೇ ಇದ್ದವು. ರೈಲಿನ ತುಂಬ ಸಿಪಾಯಿಗಳು, ಕಾಲಿಡಲು ಜಾಗವಿಲ್ಲ. ಧಾರವಾಡದ ಕೋರ್ಟಿಗೆ ಹೋಗುವವರು ಬುತ್ತಿ ಕಟ್ಟಿಕೊಂಡು ಹದಿಮೂರು ಮೈಲಿ ನಡೆದರು. “ಪ್ರಳಯ ಅಂದ್ರ ನೀರೇ ಬರಬೇಕಂತೇನಿಲ್ಲ ನೋಡ್ರಿ” ಎಂದು ಮುದುಕರು ಕಟ್ಟೆಯ ಮೇಲೆ ಕೂತು ಹೇಳಿದರು.

ಆದರೆ ಹುಬ್ಬಳ್ಳಿಯ ಜನ ಬಹಳ ದಿನ ಕೈಕಟ್ಟಿ ಕೂಡುವವರಲ್ಲ. ಗರಗದ ಖಾದಿ ಗಂಟುಗಳು ಎತ್ತಿನ ದಮಣಿಯಲ್ಲಿ ಬಂದವು. ಯಾರೋ ಎರಡು ಸೈಕಲ್ಲಿಗೆ ಹಲಗೆ ಬಿಗಿದು ಬಸುರಿಯೊಬ್ಬಳನ್ನು ದವಾಖಾನೆಗೆ ಮುಟ್ಟಿಸಿದರು. ಟಾಂಗಾದವರಲ್ಲಿ ಕೆಲವರು ನಾಚಿಕೆ ಬದಿಗಿಟ್ಟು ಮೂಕಿಯ ನಡುವೆ ತಾವೇ ನಿಂತು ಎಳೆದರು. ಹೀಗೆ ಊರು ಮೆಲ್ಲಗೆ ಮತ್ತೆ ಓಡಾಡಲು ಕಲಿಯುತ್ತಿರುವಾಗ ಅರಳೆ ವ್ಯಾಪಾರಿ ಶಾಂತಯ್ಯನವರು ಪುಣೆಗೆ ಹೋಗಿ ಬಂದರು.

ಶಾಂತಯ್ಯನವರದು ಹಣೆ ತುಂಬ ವಿಭೂತಿ, ಬಾಯಿ ತುಂಬ ಗಡಿಬಿಡಿ. ಅವರ ಒಂದೇ ಒಂದು ಬಸ್ಸು ವರ್ಷದಿಂದ ಗೋದಾಮಿನ ಹಿಂದೆ ನಿಂತಿತ್ತು. ಇದ್ದಲಿಯ ಗ್ಯಾಸಿನಿಂದ ಬಸ್ಸು ಓಡುವುದನ್ನು ಪುಣೆಯಲ್ಲಿ ಕಣ್ಣಾರೆ ನೋಡಿ ಬಂದವರೇ ತಮ್ಮ ಬಸ್ಸಿನ ಬೆನ್ನಿಗೂ ಆಳೆತ್ತರದ ಕಬ್ಬಿಣದ ಪೀಪಾಯಿ ಹಚ್ಚಿಸಿದರು. ಪೀಪಾಯಿಯಲ್ಲಿ ಇದ್ದಲಿ ತುಂಬಿ, ಕೆಳಗೆ ಕೆಂಡ ಮಾಡಿ, ಕೈಯಿಂದ ತಿರುವುವ ಪಂಖಾದಿಂದ ಗಾಳಿ ಕೊಡಬೇಕು. ಅದರಿಂದ ಏಳುವ ಗ್ಯಾಸು ಕೊಳವೆಯಲ್ಲಿ ಹಾದು, ತೆಂಗಿನ ನಾರು ತುಂಬಿದ ಪೆಟ್ಟಿಗೆಯಲ್ಲಿ ಸೋಸಿಕೊಂಡು ಇಂಜಿನಿಗೆ ಹೋಗುತ್ತದೆ. ಹೇಳುವುದಕ್ಕೆ ಇಷ್ಟೇ. ಡ್ರೈವರ ಹುಸೇನಬಾಷಾ ಮೂರು ದಿನ ಪಂಖಾ ತಿರುವಿ ದುರ್ಗದಬೈಲಿನ ತುಂಬ ಹೊಗೆ ಎಬ್ಬಿಸಿದ. ಇಂಜಿನು ಒಮ್ಮೆ ಕೆಮ್ಮಲೂ ಇಲ್ಲ. ಹುಸೇನಬಾಷಾನದು ಅಜ್ಜನ ಕಾಲದಿಂದ ಟಾಂಗಾ ಹೊಡೆದ ಮನೆತನ, ಅದರಲ್ಲಿ ಯುದ್ಧಕ್ಕೆ ಮುಂಚೆ ಮೋಟಾರು ಕಲಿತವನು ಅವನೊಬ್ಬನೇ. ಬಜಾರದವರಿಗೆ ಅಷ್ಟು ಸಾಕಾಯಿತು.

“ಹುಸೇನಾ, ಒಂದು ಪಾವು ಹುರಳಿ ತಿನಿಸಿ ನೋಡೋ ಅದಕ್ಕ!” ಎಂದು ಕೂಗಿ ನಕ್ಕರು.

ಈ ಗದ್ದಲವೆಲ್ಲ ದುರ್ಗದಬೈಲಿಗೆ ಕೂಡುವ ಕಂಬಾರ ಓಣಿಯ ಬಾಯಲ್ಲಿ, ರುಕ್ಮವ್ವನ ಬಾಗಿಲ ಮುಂದೆಯೇ. ಆಕೆಯ ಗಂಡ ಮೌನೇಶಪ್ಪ ಕುದುರೆಗಳಿಗೆ ಲಾಳ ಮಾಡಿ ಹೊಡೆಯುವುದರಲ್ಲಿ ಹೆಸರಾದವನು. ಅವನು ಸುತ್ತಿಗೆ ಎತ್ತಿದರೆ ಆಕೆ ತಿದಿ ಊದುವವಳು. ಎರಡು ವರ್ಷದ ಹಿಂದೆ ಅವನು ಜ್ವರದಲ್ಲಿ ತೀರಿಕೊಂಡ. ಮೈದುನ ಸುತ್ತಿಗೆ ಹಿಡಿದು ಅಡಿಗಲ್ಲಿನ ಮುಂದೆ ಕೂತ, ಕೆಲಸ ನಡೆಯಿತು. ಕುದುರೆಗಳೂ ಹೋದ ಮೇಲೆ ಲಾಳ ಯಾರಿಗೆ ಬೇಕು? ಮೈದುನ ರೈಲ್ವೆ ವರ್ಕ್‌ಶಾಪು ಸೇರಿಕೊಂಡ. ಕುಲುಮೆ ತಣ್ಣಗಾಯಿತು. ಬೇರೆಯವರ ಮನೆಯ ಜೋಳ ಬೀಸಿ ಹೊಟ್ಟೆ ಹೊರೆಯುವ ದಿನ ಬಂದದ್ದಕ್ಕೆ ರುಕ್ಮವ್ವನಿಗೆ ಬಹಳ ನೋವಾಗಿತ್ತು. ಕೆಲಸ ಬಲ್ಲ ಕೈ ಸುಮ್ಮನೆ ಕೂತರೆ ಆಗುವ ನೋವು ಅದು.

ಮೂರು ದಿನ ಆಕೆ ಹೊಸ್ತಿಲಲ್ಲಿ ನಿಂತು ನೋಡಿದಳು. ನಾಲ್ಕನೆಯ ದಿನ ತಡೆಯಲಾಗಲಿಲ್ಲ. ಸೀರೆಯ ಕಚ್ಚೆ ಬಿಗಿದು ನೇರ ಬಸ್ಸಿನ ಹತ್ತಿರ ಬಂದಳು.

“ಸರಿ ಅತ್ಲಾಗ, ತಮ್ಮಾ. ಹಿಂಗ ತಿರುವಿದ್ರ ಹಿಟ್ಟು ಬೀಳತೈತಿ, ಉರಿ ಬರೂದಿಲ್ಲ.”

ಹುಸೇನಬಾಷಾ ಬೆವರು ಒರೆಸಿಕೊಂಡು ಸರಿದು ನಿಂತ. ರುಕ್ಮವ್ವ ಪೀಪಾಯಿಯಲ್ಲಿದ್ದುದನ್ನೆಲ್ಲ ಹೊರಗೆ ಸುರಿದು, ಪುಡಿ ಜಾಡಿಸಿ, ಅಡಕೆ ಗಾತ್ರದ ತುಣುಕುಗಳನ್ನಷ್ಟೇ ಆರಿಸಿದಳು. ಮನೆಯಿಂದ ಗಡಿಗೆ ತಂದು ಅವುಗಳ ಮೇಲೆ ನಾಲ್ಕು ಬೊಗಸೆ ನೀರು ಚಿಮುಕಿಸಿ ತುಂಬಿದಳು. ಪಂಖಾ ಹಿಡಿದು ಮೊದಲು ಮೆಲ್ಲಗೆ, ಕೆಂಡ ಕಣ್ಣು ಬಿಟ್ಟ ಮೇಲೆ ಒಂದೇ ಹದದಲ್ಲಿ ತಿರುವಿದಳು. ಅರ್ಧ ತಾಸಿಗೆ ಕೊಳವೆಯ ಬಾಯಿಗೆ ಕಡ್ಡಿ ಗೀರಿ ಹಿಡಿದರೆ ನೀಲಿ ಉರಿ ನಿಂತಿತು. “ಈಗ ತಿರುವು ನಿನ್ನ ಇಂಜಿನ” ಎಂದಳು. ಇಂಜಿನು ಎರಡು ಸಲ ಕೊಸರಾಡಿ ಹೊತ್ತಿಕೊಂಡಿತು. ಹುರುಳಿಯ ಮಾತು ಆಡಿದವರೇ ಚಪ್ಪಾಳೆ ತಟ್ಟಿದರು.

“ನಾಳಿಂದ ನೀನ ಬಾರವ್ವಾ. ಈ ಬೆಂಕಿ ನಿಂದು” ಎಂದರು ಶಾಂತಯ್ಯನವರು.

ಮರುದಿನದಿಂದ ಬಸ್ಸಿನ ಹಿಂದೆ, ಪೀಪಾಯಿಯ ಪಕ್ಕದ ಹಲಗೆಯ ಮೇಲೆ ನಿಂತು ರುಕ್ಮವ್ವ ಊರ ನಡುವೆ ಹೊರಟಳು. ಹೆಂಗಸು ಬಸ್ಸಿನ ಬಾಲಕ್ಕೆ ಜೋತುಬಿದ್ದು ಹೋಗುವುದನ್ನು ನೋಡಿ ಓಣಿಯ ಹೆಂಗಸರು ಮೂಗು ಮುರಿದರು. ಆಕೆ ಅವರ ಕಡೆ ತಿರುಗಿಯೂ ನೋಡಲಿಲ್ಲ. ಮುಖಕ್ಕೆ ಗಾಳಿ ಬಡಿಯುತ್ತಿತ್ತು, ಬೆನ್ನ ಹಿಂದೆ ಬೆಂಕಿ ಗುಂಯ್‌ಗುಡುತ್ತಿತ್ತು, ಎರಡು ವರ್ಷದ ಮೇಲೆ ಅವತ್ತು ರಾತ್ರಿ ಆಕೆ ಹಸಿದು ಹೊಟ್ಟೆ ತುಂಬ ಉಂಡಳು.

ಉಣಕಲ್ಲು ದಾಟಿತು, ರಾಯಾಪುರ ದಾಟಿತು, ಸಪಾಟು ದಾರಿಯಲ್ಲಿ ಬಸ್ಸು ಚೆನ್ನಾಗಿಯೇ ಓಡಿತು. ಕಷ್ಟ ಬಂದದ್ದು ನವಲೂರ ಏರಿನಲ್ಲಿ. ಅರ್ಧ ಹತ್ತಿ ಇಂಜಿನು ಉಸಿರು ಬಿಡುತ್ತಿತ್ತು. ಜನ ಇಳಿದು ತಳ್ಳುತ್ತಿದ್ದರು. ಒಂದು ದಿನ ಆಯಿತು, ಎರಡು ದಿನ ಆಯಿತು, ಎಂಟು ದಿನವೂ ಅದೇ ಹಾಡು. ಶಾಂತಯ್ಯನವರ ಸಿಟ್ಟು ಹುಸೇನಬಾಷಾನ ಮೇಲೆ ತಿರುಗಿತು. ಬೆಂಕಿ ನೀಲಿಯಾಗಿ ನಿಲ್ಲುವುದನ್ನು ಅವರೇ ನೋಡಿದ್ದರು. ಹಾಗಿದ್ದ ಮೇಲೆ ತಪ್ಪು ಡ್ರೈವರನದೇ ಇರಬೇಕಲ್ಲ?

ಅಷ್ಟರಲ್ಲಿ ಧಾರವಾಡದಿಂದ ಮೋಟಾರು ಇನ್‌ಸ್ಪೆಕ್ಟರರ ಕಾಗದ ಬಂತು. ಬರುವ ಸೋಮವಾರ ಅವರೇ ಬಸ್ಸಿನಲ್ಲಿ ಕೂತು ನೋಡುತ್ತಾರೆ. ತುಂಬಿದ ಬಸ್ಸು ಎಲ್ಲಿಯೂ ನಿಲ್ಲದೆ, ಯಾರೂ ಇಳಿಯದೆ ಧಾರವಾಡ ಮುಟ್ಟಬೇಕು. ಮುಟ್ಟಿದರೆ ಕಾಯಂ ಪರವಾನಿಗೆ, ಇಲ್ಲವಾದರೆ ಪೀಪಾಯಿ ಬಿಚ್ಚಿಸಬೇಕು. ಶಾಂತಯ್ಯನವರು ಬೆಳಗಾವಿಯಿಂದ ಬೇರೆ ಡ್ರೈವರನನ್ನು ಕರೆಸುವುದಾಗಿ ಹೇಳಿಬಿಟ್ಟರು. “ಗುರುವಾರ ಒಂದ ದಿನ ನೋಡ್ತೇನಿ ಹುಸೇನಾ. ಅವತ್ತೂ ಏರಲಿಲ್ಲಂದ್ರ ಕೀಲಿ ಇಟ್ಟು ಮನಿಗೆ ಹೋಗಿಬಿಡು.”

ಗುರುವಾರವೂ ಬಸ್ಸು ಏರಿನ ನಡುವೆ ನಿಂತಿತು. ಜನ ಗೊಣಗುತ್ತ ಇಳಿದು ನಡೆದರು. ಹುಸೇನಬಾಷಾ ಕೆಳಗಿಳಿದು ನಾರಿನ ಪೆಟ್ಟಿಗೆ ಬಿಚ್ಚಿದ. ಒಳಗಿನ ನಾರು ಹಿಂಡಿದರೆ ಕರಿ ನೀರು ತಟತಟ ತೊಟ್ಟಿಕ್ಕಿತು.

“ತಿಂಗಳಾತು ಮಳಿ ಬಂದು. ಇದರಾಗ ನೀರು ಎಲ್ಲಿಂದ ಬಂತಕ್ಕಾ?” ಎಂದ.

ರುಕ್ಮವ್ವ ಆ ನಾರನ್ನು ಮುಟ್ಟಿ ನೋಡಿದಳು. ತನ್ನ ಬಲಗೈಯನ್ನೇ ನೋಡುತ್ತ ನಿಂತಳು. ಕುಲುಮೆಯಲ್ಲಿ ಉರಿ ಅತ್ತಿತ್ತ ಹರಿಯದೆ ನಡುವೆ ಒತ್ತಾಗಿ ನಿಲ್ಲಲಿ ಎಂದು ಇದ್ದಲಿಗೆ ನೀರು ಚಿಮುಕಿಸುತ್ತಾರೆ. ಕಂಬಾರರ ಮನೆಗೆ ಬಂದ ಸೊಸೆ ಮೊದಲ ದಿನ ಕಲಿಯುವ ಪಾಠ ಅದು. ದಿನಾ ಬೆಳಿಗ್ಗೆ ಆಕೆಯ ಕೈ ಆಕೆಯನ್ನು ಕೇಳದೆಯೇ ಗಡಿಗೆಗೆ ಹೋಗುತ್ತಿತ್ತು. ಆ ನೀರು ಪೀಪಾಯಿಯಲ್ಲಿ ಆವಿಯಾಗಿ, ಕೊಳವೆಯಲ್ಲಿ ತಣ್ಣಗಾಗಿ, ನಾರಿನಲ್ಲಿ ಕೂತು ಇಂಜಿನಿನ ಗಂಟಲು ಕಟ್ಟುತ್ತಿತ್ತು. ಬೇರೆ ಯಾರಾದರೂ ಬೆಂಕಿ ಹಚ್ಚಿದ್ದರೆ ಈ ತಪ್ಪು ಆಗುತ್ತಲೇ ಇರಲಿಲ್ಲ. ಅವರಿಗೆ ಕುಲುಮೆಯ ರೂಢಿಯೇ ಇರುತ್ತಿರಲಿಲ್ಲ.

ಆಕೆಗೆ ನಾಚಿಕೆಯಾಯಿತು, ಭಯವೂ ಆಯಿತು. ನಾಳೆಯಿಂದ ನೀರು ಮುಟ್ಟದಿದ್ದರಾಯಿತು. ಬೆಳಗಾವಿಯವನು ಬಂದು ಏರು ಹತ್ತಿಸುತ್ತಾನೆ, ಹೊಗಳಿಕೆ ಅವನಿಗೆ, ಬೆಂಕಿ ಆಕೆಗೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ. ಹುಬ್ಬಳ್ಳಿಗೆ ಮರಳುವ ದಾರಿಯುದ್ದಕ್ಕೂ ಈ ವಿಚಾರ ಆಕೆಯ ತಲೆಯಲ್ಲಿ ಸುತ್ತಿತು. ಬಸ್ಸು ನಿಂತೊಡನೆ ಹುಸೇನಬಾಷಾ ಕೀಲಿ ಹಿಡಿದುಕೊಂಡು ಶಾಂತಯ್ಯನವರ ಅಂಗಡಿಯ ಕಡೆ ನಡೆದ. ಎಂಟು ದಿನ ಊರಿನವರಿಂದ ಬಾಯಿಗೆ ಬಂದಂತೆ ಅನ್ನಿಸಿಕೊಂಡೂ ಅವನು ಒಮ್ಮೆಯೂ ಆಕೆಯ ಬೆಂಕಿಯ ಮೇಲೆ ತಪ್ಪು ಹಾಕಿರಲಿಲ್ಲ. ರುಕ್ಮವ್ವ ಹಿಂದೆಯೇ ಓಡಿದಳು.

ಅರಳೆ ಅಂಗಡಿಯಲ್ಲಿ ಹತ್ತಾರು ಜನ ಕೂತಿದ್ದರು. ಅವರೆಲ್ಲರ ಮುಂದೆಯೇ ಆಕೆ ಹೇಳಿದಳು.

“ಸಾವಕಾರ್ರ, ಕೀಲಿ ಇಸಗೋಬ್ಯಾಡ್ರಿ. ತಪ್ಪು ಹುಸೇನಂದಲ್ಲ, ನಂದು. ಕುಲುಮಿ ರೂಢೀಲೆ ದಿನಾ ಇದ್ದಲಿಗೆ ನೀರು ಹೊಡದೇನಿ. ಬಸ್ಸು ನಿಂತದ್ದು ಅದಕ್ಕ.”

ಶಾಂತಯ್ಯನವರ ಮುಖ ಕೆಂಪೇರಿತು. “ಎಂಟು ದಿನ ಊರ ಮುಂದ ನನ್ನ ಮಾನ ಕಳದು, ಈಗ ಹೇಳಾಕತ್ತಿ? ಹಂಗಿದ್ರ ನೀನ ಮನಿಗೆ ನಡಿ.”

“ಹೋಗ್ತೇನ್ರಿ. ಆದ್ರ ಸೋಮವಾರ ಏರು ಹತ್ತಿಸಿ ಹೋಗ್ತೇನಿ.”

ಹುಸೇನಬಾಷಾ ಕೀಲಿಯನ್ನು ಮತ್ತೆ ಕಿಸೆಗೆ ಹಾಕಿಕೊಂಡ. “ಆಕಿ ಹೋದ್ರ ನಾನೂ ಹೋಗ್ತೇನ್ರಿ ಸಾವಕಾರ್ರ. ತನ್ನ ತಪ್ಪು ಹತ್ತು ಮಂದ್ಯಾಗ ನಿಂತು ಹೇಳಾಕಿ ಬೆಂಕಿ ಇಟ್ಟರ, ನಾ ಕಣ್ಣು ಮುಚ್ಚಿ ಗಾಡಿ ಹೊಡೀತೇನಿ.”

ಸೋಮವಾರಕ್ಕೆ ನಾಲ್ಕೇ ದಿನ. ಬೆಳಗಾವಿಯವನಿಗೆ ಇದ್ದಲಿ ಬಸ್ಸು ಹೇಗಿರುತ್ತದೆಂದೇ ಗೊತ್ತಿರಲಿಲ್ಲ. ಶಾಂತಯ್ಯನವರು ಒಲ್ಲದ ಮನಸ್ಸಿನಿಂದ ಹೂಂ ಅಂದರು.

ರುಕ್ಮವ್ವ ಜಾಲಿ ಇದ್ದಲಿಯನ್ನೇ ತರಿಸಿ, ಮಾಳಿಗೆಯ ಮೇಲೆ ಎರಡು ದಿನ ಬಿಸಿಲಿಗೆ ಹರವಿದಳು. ಕೊಳವೆಗಳನ್ನೆಲ್ಲ ಬಿಚ್ಚಿ ಉಜ್ಜಿ ಒಣಗಿಸಿದಳು. ನಾರು ಹೊಸದು ತುಂಬಿದಳು. ಗಡಿಗೆಯನ್ನು ಒಯ್ದು ಹಿತ್ತಿಲಲ್ಲಿ ಬೋರಲು ಹಾಕಿದಳು, ಕೈಗೆ ಆಸೆ ಹುಟ್ಟಬಾರದು ಎಂದು.

ಸೋಮವಾರ ಇನ್‌ಸ್ಪೆಕ್ಟರ ಬಿಂದುಮಾಧವರಾಯರು ಬಂದರು. ಕರಿ ಕೋಟು, ಕೈಯಲ್ಲಿ ಗಡಿಯಾರ, ಮುಖದಲ್ಲಿ ನಗೆಯ ಗೆರೆಯೇ ಇಲ್ಲ. ಪೀಪಾಯಿಯ ಪಕ್ಕ ರುಕ್ಮವ್ವನನ್ನು ಕಂಡು ಹುಬ್ಬು ಗಂಟಿಕ್ಕಿದರು.

“ಈ ಹೆಣ್ಣುಮಗಳು ಯಾಕ ನಿಂತಾಳ?”

“ಬೆಂಕಿ ನೋಡಾಕಿ ರೀ” ಎಂದ ಹುಸೇನಬಾಷಾ.

“ಹೆಂಗಸರು ಬಸ್ಸಿನ ಹಿಂದ ನಿಲ್ಲೂದು ನಿಯಮದಾಗ ಎಲ್ಲಿ ಅದ?”

“ಬ್ಯಾಡ ಅಂತ ಎಲ್ಲಿ ಬರದೈತಿ ತೋರಸ್ರಿ ಸಾಹೇಬ್ರ, ಇಳದು ಹೋಗ್ತೇನಿ” ಎಂದಳು ರುಕ್ಮವ್ವ.

ರಾಯರು ಚಷ್ಮಾ ಏರಿಸಿ ಪುಸ್ತಕ ತೆಗೆದರು. ಹಾಳೆ ತಿರುವಿದರು, ಮತ್ತೆ ಹಿಂದಕ್ಕೆ ತಿರುವಿದರು. ಯುದ್ಧದ ಸರಕಾರಕ್ಕೆ ಇಂಥ ಹೆಂಗಸು ಇರಬಹುದೆಂಬ ಕಲ್ಪನೆಯೇ ಇರಲಿಲ್ಲವಾದ್ದರಿಂದ ಅದರಲ್ಲಿ ಏನೂ ಸಿಗಲಿಲ್ಲ. “ಆತು, ನಿಲ್ಲು. ಬಸ್ಸು ನಿಂತರ ನಿನ್ನನ್ನ ಮೊದಲು ಇಳಸ್ತೀನಿ” ಎಂದು ಒಳಗೆ ಹೋಗಿ ಕೂತರು.

ಬಸ್ಸು ಕಿಕ್ಕಿರಿದಿತ್ತು. ಮುಂದಿನ ಸೀಟಿನಲ್ಲಿ ಶಾಂತಯ್ಯನವರು, ಹಿಂದೆ ಧಾರವಾಡದ ಪೇಟೆಗೆ ಹೊರಟ ಪೇರಲ ಬುಟ್ಟಿಯ ಹೆಂಗಸರು, ಕೋರ್ಟಿನ ಗುಮಾಸ್ತರು, ಮಗಳ ಮನೆಗೆ ಹೊರಟ ಅಂಬಾಬಾಯಿ ಎಂಬ ಮುದುಕಿ, ಮೇಲೆ ಅರಳೆ ಗಂಟುಗಳು. ಉಣಕಲ್ಲು, ರಾಯಾಪುರ ಹಿಂದೆ ಬಿದ್ದವು. ಏರಿನ ಬುಡಕ್ಕೆ ಬರುತ್ತಲೇ ಒಳಗಿದ್ದವರೆಲ್ಲ ತಾವಾಗಿಯೇ ಎದ್ದು ನಿಂತರು. ಗಂಟುಗಳು ಬಗಲಿಗೆ ಸೇರಿದವು, ಬುಟ್ಟಿಗಳು ತಲೆಯ ಮೇಲೆ ಹೋದವು. ರುಕ್ಮವ್ವ ಹಿಂದಿನ ಕಿಡಕಿಯಲ್ಲಿ ಮುಖ ಹಾಕಿ ಚೀರಿದಳು.

“ಕೂಡ್ರಿ! ಒಬ್ಬರೂ ಇಳೀಬ್ಯಾಡ್ರಿ!”

“ಏರು ಬಂತಲ್ಲವಾ, ಇಳೀಬೇಕಲ್ಲ” ಎಂದರು ಅಂಬಾಬಾಯಿ.

“ಇಳಿಯೂದು ಧಾರವಾಡದಾಗ ಅಜ್ಜೀ, ಕೂಡ್ರಿ!”

ಜನ ಒಬ್ಬರ ಮುಖ ಒಬ್ಬರು ನೋಡುತ್ತ ಕೂತರು. ಬಸ್ಸು ಹತ್ತಿತು. ಕಾಲು ಭಾಗ, ಅರ್ಧ ಭಾಗ. ದಿನಾ ನಿಲ್ಲುವ ಜಾಗವನ್ನೂ ದಾಟಿತು. ರುಕ್ಮವ್ವ ಉಸಿರು ಬಿಡುವಷ್ಟರಲ್ಲಿ ಇಂಜಿನಿನ ದನಿ ಇಳಿಯತೊಡಗಿತು. ಗಾಲಿಗಳು ನಡೆಯುವ ಮನುಷ್ಯನಿಗಿಂತ ನಿಧಾನವಾದವು.

“ಅಕ್ಕಾ! ಗ್ಯಾಸು ಬರವಲ್ದು!” ಎಂದು ಹುಸೇನಬಾಷಾ ಕೂಗಿದ.

ಈ ಸಲ ನೀರಿನ ತಪ್ಪಲ್ಲ ಎಂಬುದು ಆಕೆಗೆ ಖಾತ್ರಿ ಇತ್ತು. ಹಾಗಾದರೆ ಏನು? ಮುಚ್ಚಳ ತೆಗೆದು ನೋಡುವಂತಿಲ್ಲ, ಉರಿ ಮುಖಕ್ಕೆ ಹಾರುತ್ತದೆ. ಆಕೆ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಗಂಡನ ಸಣ್ಣ ಸುತ್ತಿಗೆ ತೆಗೆದು ಪೀಪಾಯಿಯನ್ನು ಕೆಳಗಿನಿಂದ ಮೇಲಕ್ಕೆ ತಟ್ಟುತ್ತ ಬಂದಳು. ಬುಡದಲ್ಲಿ ಗಟ್ಟಿ ಸದ್ದು. ಮೊಣಕಾಲಿನ ಎತ್ತರದಲ್ಲಿ ಟೊಳ್ಳು. ಅದರ ಮೇಲೆ ಮತ್ತೆ ಗಟ್ಟಿ. ಕೆಳಗಿನದು ಉರಿದು ಖಾಲಿಯಾಗಿ, ಮೇಲಿನ ಇದ್ದಲಿ ಒಂದಕ್ಕೊಂದು ಒತ್ತಿಕೊಂಡು ಕಮಾನಿನ ಹಾಗೆ ತೂಗಿ ನಿಂತಿತ್ತು. ಟೊಳ್ಳು ಮುಗಿಯುವ ಜಾಗ ಹುಡುಕಿ, ಹಲಗೆಯ ಮೇಲೆ ಕಾಲು ಊರಿ, ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಮೂರು ಏಟು ಕೊಟ್ಟಳು. ಮೂರನೆಯ ಏಟಿಗೆ ಒಳಗೆ ದಡದಡ ಎಂದು ಇದ್ದಲಿ ಕುಸಿಯಿತು. ಆಕೆ ಕೆಂಡದ ತಳದ ಕಬ್ಬಿಣದ ಜಾಲರಿಯ ಹಿಡಿಕೆ ಅಲುಗಿಸಿ ಬೂದಿ ಉದುರಿಸಿದಳು. ಇಂಜಿನು ಒಮ್ಮೆ ಗುಟುಕು ಹಾಕಿ ಗರ್ಜಿಸಿತು. ಬಸ್ಸು ಜಗ್ಗಿಕೊಂಡು ಮೇಲೇರಿತು.

ಏರು ಮುಗಿದು ಸಪಾಟು ಸಿಕ್ಕಾಗ ಪೇರಲದವರು ಕೇಕೆ ಹಾಕಿದರು. ಗುಮಾಸ್ತರು ಟೋಪಿ ಬೀಸಿದರು. ಮೈಗೆಲ್ಲ ಮಸಿ ಮೆತ್ತಿಕೊಂಡ ರುಕ್ಮವ್ವನಿಗೆ ಹೆಮ್ಮೆಯಿಂದ ಎದೆ ತುಂಬಿ ಬಂತು, ಕಣ್ಣೂ ತುಂಬಿ ಬಂತು. ಸುತ್ತಿಗೆಯ ಸದ್ದಿಗೆ ಕಿಡಕಿಯಿಂದ ತಲೆ ಹೊರಹಾಕಿದ ರಾಯರು ನಡೆದದ್ದನ್ನೆಲ್ಲ ನೋಡಿದ್ದರು. ಲಕಮನಹಳ್ಳಿ ದಾಟಿ ಬಸ್ಸು ಧಾರವಾಡ ಮುಟ್ಟಿದಾಗ ಅವರು ಗಡಿಯಾರ ನೋಡಿಕೊಂಡರು.

ಕಚೇರಿಯಲ್ಲಿ ಮೂವರನ್ನೂ ಎದುರು ನಿಲ್ಲಿಸಿಕೊಂಡು ಪರವಾನಿಗೆ ಬರೆದರು. ಶಾಂತಯ್ಯನವರು ಕೈ ಮುಗಿದುಕೊಂಡೇ ನಿಂತಿದ್ದರು. ರಾಯರು ಬರೆದದ್ದನ್ನು ದೊಡ್ಡ ದನಿಯಲ್ಲಿ ಓದಿದರು. ಮೊದಲ ಷರತ್ತು ವೇಗದ್ದು, ಎರಡನೆಯದು ಜನರ ಸಂಖ್ಯೆಯದು. ಮೂರನೆಯದು ಹೀಗಿತ್ತು: “ಈ ಬಸ್ಸಿನ ಬೆಂಕಿಯ ಉಸ್ತುವಾರಿ ಹುಬ್ಬಳ್ಳಿಯ ರುಕ್ಮವ್ವ ಕೋಂ ಮೌನೇಶಪ್ಪ ಇವಳ ಕೈಯಲ್ಲಿ ಇರತಕ್ಕದ್ದು. ಇವಳು ಇಲ್ಲದೆ ಬಸ್ಸು ಹೊರಡಕೂಡದು.”

ಶಾಂತಯ್ಯನವರ ಕೈಗಳು ಕೆಳಗಿಳಿದವು. “ಸಾಹೇಬ್ರ, ಆಕಿಗೆ ಜ್ವರ ಗಿರ ಬಂದ್ರ?”

“ಬಸ್ಸಿಗೂ ಜ್ವರ ಬಂದದ ಅಂತ ತಿಳಕೊಳ್ರಿ” ಎಂದ ರಾಯರು ಲೇಖಣಿಕೆಯನ್ನು ಮಸಿಯಲ್ಲಿ ಅದ್ದಿದರು. “ಈಕೀ ಕಸಬು ಏನಂತ ಬರೀಲಿ?”

“ಕೂಲಿ ಅಂತ ಬರೀರಿ” ಎಂದರು ಶಾಂತಯ್ಯನವರು.

“ಕೂಲಿ ಅಲ್ರಿ” ಎಂದಳು ರುಕ್ಮವ್ವ. “ಕಂಬಾರಿಕಿ ಅಂತ ಬರೀರಿ.”

“ಕಂಬಾರ ಇದ್ದಾಂವ ನಿನ್ನ ಗಂಡ ಅಲ್ಲೇನವಾ?” ಎಂದರು ಶಾಂತಯ್ಯನವರು.

“ಇಪ್ಪತ್ತೆರಡು ವರ್ಷ ಆಂವ ಬಡದದ್ದು ನಾ ಕಾಸಿದ ಕಬ್ಬಿಣ ರೀ, ಸಾವಕಾರ್ರ.”

ರಾಯರು ತಲೆ ಎತ್ತಿ ಆಕೆಯನ್ನು ಒಂದು ಗಳಿಗೆ ನೋಡಿದರು. ಆಮೇಲೆ ತಲೆ ಬಗ್ಗಿಸಿ, ಅಕ್ಷರ ದುಂಡಗೆ ಮಾಡಿ, ಹಾಗೆಯೇ ಬರೆದರು. ರುಕ್ಮವ್ವನಿಗೆ ಓದಲು ಬರುತ್ತಿರಲಿಲ್ಲ. ಯಾವುದು ಎಂದು ಹುಸೇನಬಾಷಾನನ್ನು ಕೇಳಿದಳು. ಅವನು ಆ ಶಬ್ದದ ಕೆಳಗೆ ಬೆರಳು ಇಟ್ಟು ತೋರಿಸಿದ. ಮಸಿ ಆರುವ ತನಕ ಆಕೆ ಅದರ ಮೇಲಿಂದ ಕಣ್ಣು ತೆಗೆಯಲಿಲ್ಲ.